ಕುಂಟುವ ಗುರುವಾರ

ಆ ಗುರುವಾರ ನೆವಿಲ್ ಪರ್ಟೆಲ್ ಬರೆಯುವುದಕ್ಕೆ ಉಳಿದಿದ್ದದ್ದು ಒಂದೇ ಒಂದು ವಾಕ್ಯ.

ಬೂಲಂಗಾಟ್‌ನ ಏಕೈಕ ಔಷಧಿ ಅಂಗಡಿ ಅವನದು. ಜೊತೆಗೆ, ಶುಕ್ರವಾರ ಹೊರಬರುವ ಊರಿನ ವಾರಪತ್ರಿಕೆಗೆ ಶನಿವಾರದ ಫುಟ್‌ಬಾಲ್ ಪಂದ್ಯಗಳ ಮುನ್ನೋಟವನ್ನೂ ಅವನೇ ಬರೆಯುತ್ತಿದ್ದ. ಆ ಕಡೆಯ ಫುಟ್‌ಬಾಲ್‌ನಲ್ಲಿ ಚೆಂಡನ್ನು ಒದೆಯಲೂಬಹುದು, ಕೈಯಲ್ಲಿ ಹಿಡಿಯಲೂಬಹುದು. ಗಾಳಿ ಯಾವ ದಿಕ್ಕಿನದು, ಮೈದಾನ ಎಷ್ಟು ಒದ್ದೆ, ಯಾರ ಮಂಡಿ ಹೇಗಿದೆ, ಕುರಿಯ ಉಣ್ಣೆ ಕತ್ತರಿಸಲು ಹೋಗಿ ಯಾರ ಸೊಂಟ ಹಿಡಿದುಕೊಂಡಿದೆ, ಎಲ್ಲವನ್ನೂ ಮಾತ್ರೆ ಎಣಿಸುವಷ್ಟೇ ಜಾಗ್ರತೆಯಿಂದ ತೂಗಿ ನೋಡಿ, ಇಂಥ ತಂಡ ಗೆಲ್ಲುತ್ತದೆ ಎಂದು ಬರೆಯುತ್ತಿದ್ದ. ಆ ತಂಡ ಸೋಲುತ್ತಿತ್ತು.

ಒಂದೆರಡು ಸಲವಲ್ಲ, ವರ್ಷವಿಡೀ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಅರ್ಧದಷ್ಟು ಸರಿಯಾಗಬೇಕು. ಎಲ್ಲವೂ ತಪ್ಪಾಗಬೇಕಾದರೆ, ಎಲ್ಲವೂ ಸರಿಯಾಗಲು ಎಷ್ಟು ಪ್ರತಿಭೆ ಬೇಕೋ ಅಷ್ಟೇ ಬೇಕು. ಈ ಸತ್ಯ ನೆವಿಲ್‌ಗೂ ಗೊತ್ತಿತ್ತು. ಆದರೆ ಅದರಿಂದ ಸಮಾಧಾನ ಸಿಗುತ್ತಿರಲಿಲ್ಲ.

ಅಂಕಣ ಅವನ ಪ್ರಾಣ. ಔಷಧಿ ಅಂಗಡಿಯವನ ಹತ್ತಿರ ಊರು ಪಿಸುಮಾತಿನಲ್ಲೇ ಮಾತಾಡುತ್ತದೆ. ಮೂಲವ್ಯಾಧಿ, ತುರಿಕೆ, ಮಲಬದ್ಧತೆ. ಜನ ಅವನೊಡನೆ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದದ್ದು ಫುಟ್‌ಬಾಲ್ ವಿಷಯಕ್ಕೆ ಮಾತ್ರ. ಬೈಯುತ್ತಿದ್ದರು, ನಿಜ. ಆದರೆ ನಾಲ್ಕು ಜನಕ್ಕೆ ಕೇಳುವ ಹಾಗೆ ಬೈಯುತ್ತಿದ್ದರು.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಸಂಪಾದಕಿ ನೊರೀನ್ ಹ್ಯಾಗರ್ಟಿಯ ಫೋನ್ ಬಂತು.

"ನೆವಿಲ್, ಇದು ಲೀಗಿನ ಕೊನೇ ಸುತ್ತು. ಬೇರೆ ಊರಿನ ಮೂರು ಪಂದ್ಯ ಹಾಳಾಗಿ ಹೋಗ್ಲಿ. ನಮ್ಮೂರಿಗೂ ಟಾರಿಕ್‌ಗೂ ಇರೋದೊಂದನ್ನಾದ್ರೂ ಸರಿಯಾಗಿ ಹೇಳು. ತಪ್ಪಿದ್ರೆ ಅಂಕಣ ಡಫ್ನಿಗೆ."

"ಡಫ್ನಿ ಕೋಳಿ, ನೊರೀನ್!"

"ಹೌದು. ಆದ್ರೆ ಸರಿಯಾಗಿ ಹೇಳೋ ಕೋಳಿ. ಸಂಜೆ ಐದಕ್ಕೆ ಮುದ್ರಣಕ್ಕೆ ಹೋಗುತ್ತೆ, ನೋಡ್ಕೋ."

ಡಫ್ನಿ ಇದ್ದದ್ದು ರಸ್ತೆಯಾಚೆಯ ಕ್ಲಾರಿ ಡ್ವೈಯರ್‌ನ ಮಾಂಸದಂಗಡಿಯ ಕಿಟಕಿಯಲ್ಲಿ. ಆ ಅಂಗಡಿಯಲ್ಲಿ ಜೀವಂತವಾಗಿದ್ದ ಪ್ರಾಣಿ ಅದೊಂದೇ. ಎರಡು ಬಟ್ಟಲಿನಲ್ಲಿ ಗೋಧಿ ಹಾಕಿ, ಒಂದೊಂದಕ್ಕೆ ಒಂದೊಂದು ತಂಡದ ಬಣ್ಣದ ರಿಬ್ಬನ್ ಕಟ್ಟಿ ಮುಂದಿಟ್ಟರೆ, ಡಫ್ನಿ ಯಾವುದನ್ನು ಕುಕ್ಕುತ್ತಾಳೋ ಆ ತಂಡ ಬಹುಪಾಲು ಗೆಲ್ಲುತ್ತಿತ್ತು. ಊರಿನ ಊಹೆ ಸ್ಪರ್ಧೆಯಲ್ಲಿ ಅವಳು ಮೊದಲ ಸ್ಥಾನದಲ್ಲಿದ್ದಳು, ನೆವಿಲ್ ಕೊನೆಯಲ್ಲಿದ್ದ. ಆ ಸ್ಪರ್ಧೆಯ ನಿಯಮಗಳನ್ನು ಹಿಂದೊಮ್ಮೆ ರಚಿಸಿದವನು ಮಾತ್ರ ಇದೇ ನೆವಿಲ್. ಅಂಕಣದಲ್ಲಿ ಬರೆದದ್ದೇ ಸ್ಪರ್ಧೆಗೆ ಅವನ ಊಹೆ; ಅಂಕಣಕಾರನಿಂದ ಕೋಳಿಯವರೆಗೆ ಎಲ್ಲರಿಗೂ ಒಂದೇ ನಿಯಮ. ಅದನ್ನು ಮೀರಿದ್ದಕ್ಕೆ ಅವನು ಸ್ವಂತ ಅತ್ತೆಯನ್ನೇ ಸ್ಪರ್ಧೆಯಿಂದ ಹೊರಗೆ ಹಾಕಿದ್ದ. ಆ ಕ್ರಿಸ್‌ಮಸ್ಸಿನಲ್ಲಿ ಅವನ ತಟ್ಟೆಗೆ ಬಿದ್ದದ್ದು ಟರ್ಕಿ ಕೋಳಿಯ ಕತ್ತು.

ನೆವಿಲ್ ಮೂರು ಪಂದ್ಯಗಳ ಮುನ್ನೋಟವನ್ನು ಆಗಲೇ ಬರೆದಿಟ್ಟಿದ್ದ. ಅವುಗಳಲ್ಲಿ ಮಿಂಡಾರಿ ತಂಡ ಖಂಡಿತ ಸೋಲುತ್ತದೆ ಎಂಬುದೂ ಒಂದು. ನಾಲ್ಕನೆಯದು ಉಳಿದಿತ್ತು. ಅಂಕಪಟ್ಟಿಯಲ್ಲಿ ಬೂಲಂಗಾಟ್, ಟಾರಿಕ್ ಎರಡೂ ಸಮ ಸಮ, ಮಿಂಡಾರಿ ಒಂದೇ ಹೆಜ್ಜೆ ಹಿಂದೆ. ಗೆದ್ದವರಿಗೆ ಫೈನಲ್ ಸುತ್ತು, ಸೋತವರಿಗೆ ಗೋಧಿ ಹೊಲ. ಅವನ ಲೆಕ್ಕದಲ್ಲಿ ಬೂಲಂಗಾಟ್ ಗೆಲ್ಲಬೇಕಿತ್ತು. ಉತ್ತರದ ಗಾಳಿ, ಒಣ ಮೈದಾನ, ಗೋಲು ಹೊಡೆಯುವ ಬ್ರೋಡಿ ಕೆಲ್ಸೋನ ಬಲಗಾಲು, ಎಲ್ಲವೂ ಅದನ್ನೇ ಹೇಳುತ್ತಿದ್ದವು. 'ಈ ಶನಿವಾರ ಗೆಲ್ಲುವವರು ಬೂ' ಎಂದು ಬರೆಯುವಷ್ಟರಲ್ಲಿ ಬಾಗಿಲಿನ ಗಂಟೆ ಸದ್ದು ಮಾಡಿತು.

ಬಂದವನು ಕ್ಲಾರಿ ಡ್ವೈಯರ್. ಅವನು ಕೋಳಿಯ ಯಜಮಾನ ಮಾತ್ರವಲ್ಲ, ಬೂಲಂಗಾಟ್ ಕ್ಲಬ್ಬಿನ ಅಧ್ಯಕ್ಷ ಕೂಡ. ಏಪ್ರನ್ ತೆಗೆದಿರಲಿಲ್ಲ, ಕೈಯಲ್ಲಿ ಮೂಳೆ ಕಡಿಯುವ ಕತ್ತಿ.

"ನೆವಿಲ್, ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ. ಟಾರಿಕ್ ಗೆಲ್ಲುತ್ತೆ ಅಂತ ಬರಿ."

"ಕತ್ತಿ ಕೆಳಗಿಟ್ಟು ಬೀಳು, ಕ್ಲಾರಿ."

"ತಮಾಷೆ ಬೇಡ. ನೀನು ನಮ್ಮ ಹೆಸರು ಬರೆದ್ರೆ ನಾವು ಸತ್ತ ಹಾಗೇನೇ. ಅವರ ಹೆಸರು ಬರಿ, ಅವರು ಸಾಯ್ಲಿ."

"ಹಾಗೆ ಬರೆದು ನಾವು ಗೆದ್ರೆ ನನ್ನ ಮಾತು ತಪ್ಪಾಗುತ್ತೆ. ಅಂಕಣ ನಿನ್ನ ಕೋಳಿಗೆ ಹೋಗುತ್ತೆ!"

"ಕೋಳಿ ವಿಷಯ ಬೇರೆ, ಕ್ಲಬ್ ವಿಷಯ ಬೇರೆ," ಎಂದ ಕ್ಲಾರಿ, ಎರಡು ವಿಷಯಗಳ ನಡುವೆ ಕತ್ತಿಯನ್ನು ಆಡಿಸುತ್ತ. "ಊರಿಗೋಸ್ಕರ ಒಂದು ವಾಕ್ಯ ತ್ಯಾಗ ಮಾಡಕ್ಕಾಗಲ್ವಾ ನಿಂಗೆ?"

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ನೆವಿಲ್‌ನ ಹೆಂಡತಿ ಬೆರಿಲ್ ಹೆಣೆಯುತ್ತಿದ್ದ ಕಾಲುಚೀಲದಿಂದ ಕಣ್ಣು ತೆಗೆಯದೆ ಹೇಳಿದಳು:

"ಬರೆದ್ರೆ ಏನೂ ಪ್ರಯೋಜನ ಇಲ್ಲ, ಕ್ಲಾರಿ. ಇವರ ಶಾಪ ಪೆನ್ನಲ್ಲಿಲ್ಲ, ಮನಸ್ಸಲ್ಲಿದೆ. ಹೋದ ವರ್ಷ ನಮ್ಮಣ್ಣನ ದಾಕ್ಷಿಣ್ಯಕ್ಕೆ ಅವನ ತಂಡದ ಹೆಸರು ಬರೆದ್ರು, ಒಳಗೊಳಗೆ ಇನ್ನೊಂದನ್ನ ನಂಬಿದ್ರು. ಸೋತಿದ್ದು ಯಾವುದು? ನಂಬಿದ್ದು."

ಕ್ಲಾರಿಯ ಕತ್ತಿ ತಾನಾಗಿಯೇ ಕೆಳಗಿಳಿಯಿತು. "ಈಗ ಮನಸ್ಸಲ್ಲಿ ಯಾರನ್ನ ನಂಬಿದೀಯ, ನೆವಿಲ್? ನಿಜ ಹೇಳು."

ನೆವಿಲ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಮ್ಮವರನ್ನೇ," ಎಂದ. "ಬ್ರೋಡಿ ಈ ವರ್ಷ ಕುದುರೆ ಇದ್ದ ಹಾಗಿದಾನೆ."

"ಅಯ್ಯೋ ಪಾಪಿ!" ಎಂದು ಕ್ಲಾರಿ ರಸ್ತೆ ದಾಟಿ ಓಡಿದ. ಅವನು ಅಷ್ಟು ವೇಗವಾಗಿ ಓಡಿದ್ದನ್ನು ಊರು ಕೊನೆಯ ಸಲ ನೋಡಿದ್ದು ಅವನ ಮದುವೆಯ ದಿನ. ಅಂದು ದಿಕ್ಕು ಬೇರೆಯಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಬ್ರೋಡಿ ಕೆಲ್ಸೋ ಅಂಗಡಿಗೆ ಬಂದ. ಗೋಧಿ ತುಂಬುವ ಕಣಜದಷ್ಟು ಎತ್ತರದ ಹುಡುಗ. ನಿನ್ನೆ ಟ್ರ್ಯಾಕ್ಟರಿನಿಂದ ಒಂದೇ ನೆಗೆತಕ್ಕೆ ಇಳಿದವನು ಇವತ್ತು ಬಾಗಿಲು ಹಿಡಿದು, ಹಲ್ಲು ಕಚ್ಚಿಕೊಂಡು, ಒಂದು ಕಾಲನ್ನು ಎಳೆದುಕೊಂಡು ಬರುತ್ತಿದ್ದ.

"ಪರ್ಟೆಲ್ ಅವ್ರೇ... ಅಯ್ಯಮ್ಮಾ... ಮಂಡಿಗೆ ಕಟ್ಟೋ ಪಟ್ಟಿ ಕೊಡಿ. ದೊಡ್ಡದು."

"ಏನಾಯ್ತೋ?"

"ಗೊತ್ತಿಲ್ಲ ಸಾರ್. ಬೆಳಿಗ್ಗೆ ಎದ್ದೆ, ಮಂಡಿ ಇರ್ಲಿಲ್ಲ."

ನೆವಿಲ್ ಮೇಜಿನ ಈಚೆ ಬಂದು ಬಲಮಂಡಿಯನ್ನು ಒತ್ತಿ ನೋಡಿದ. ಬ್ರೋಡಿ ಎಡಮಂಡಿ ಹಿಡಿದುಕೊಂಡು ಚೀರಿದ. ಆಮೇಲೆ ತಪ್ಪು ಅರಿವಾಗಿ ಎರಡನ್ನೂ ಹಿಡಿದುಕೊಂಡು ಇನ್ನೊಮ್ಮೆ ಚೀರಿದ. ಪಟ್ಟಿ ಕೊಂಡು, ಬಂದಾಗ ಎಳೆಯುತ್ತಿದ್ದ ಕಾಲನ್ನು ಬಿಟ್ಟು ಇನ್ನೊಂದನ್ನು ಎಳೆಯುತ್ತ ಹೊರಟ.

ಅವನ ಹಿಂದೆಯೇ ಇಡೀ ಬೂಲಂಗಾಟ್ ತಂಡ. ಒಬ್ಬ ಸೊಂಟ ಹಿಡಿದು, ಒಬ್ಬ ಭುಜ ಹಿಡಿದು, ಒಬ್ಬ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಮುಂದಿನವನ ಭುಜ ಹಿಡಿದು. ಮಧ್ಯಾಹ್ನದ ಹೊತ್ತಿಗೆ ಮುಖ್ಯರಸ್ತೆಯಲ್ಲಿ ನೆಟ್ಟಗೆ ನಡೆಯುತ್ತಿದ್ದದ್ದು ಅಂಚೆಯವನ ನಾಯಿ ಒಂದೇ. ಅದೂ ಜನರನ್ನು ನೋಡಿ ನೋಡಿ ಅನುಮಾನಕ್ಕೆ ಬಿದ್ದು ಒಂದು ಕಾಲೆತ್ತಿಕೊಂಡಿತು.

ನೆವಿಲ್ ಪಟ್ಟಿ ಮಾರಿದ, ನೋವಿನ ಮುಲಾಮು ಮಾರಿದ, ಕಿಟಕಿಯಲ್ಲಿ ಬಣ್ಣ ಮಾಸಿ ನಿಂತಿದ್ದ ಊರುಗೋಲುಗಳನ್ನೂ ಮಾರಿದ. ನಾಟಕವೆಂದು ಅವನಿಗೆ ತಿಳಿಯದೆ ಇರಲಿಲ್ಲ. ಆದರೆ ವಿಜ್ಞಾನ ಕಲಿತವನ ಕಷ್ಟವೇ ಅದು: ಸಾಕ್ಷ್ಯ ಸುಳ್ಳೆಂದು ಅನ್ನಿಸಿದರೂ ಪೂರ್ತಿ ತಳ್ಳಿಹಾಕುವಂತಿಲ್ಲ. ಇಷ್ಟು ಜನರಲ್ಲಿ ಒಬ್ಬನಿಗಾದರೂ ನಿಜವಾಗಿ ನೋವಿರಬಹುದಲ್ಲ? ಆ ಒಬ್ಬ ಬ್ರೋಡಿಯೇ ಆಗಿದ್ದರೆ? ಅವನ ನಂಬಿಕೆ ನೀರು ಬಿದ್ದ ಬಿಸ್ಕತ್ತಿನಂತೆ ಅಂಚಿನಿಂದ ಕರಗತೊಡಗಿತು.

"ಏನಂತೆ? ಈಗ ಏನನ್ನಿಸುತ್ತೆ?" ಎಂದು ಕ್ಲಾರಿ ಬಾಗಿಲಿನಿಂದ ಇಣುಕಿ ಕೇಳಿದ.

"ಟಾರಿಕ್ ಕಡೆಗೆ ಸ್ವಲ್ಪ ವಾಲ್ತಾ ಇದೆ."

"ವಾಲಲಿ, ವಾಲಲಿ. ಆತುರ ಇಲ್ಲ."

ಇದನ್ನು ಕೇಳಿಸಿಕೊಂಡವರಲ್ಲಿ ಒಬ್ಬಳ ಅಕ್ಕನನ್ನು ಟಾರಿಕ್‌ಗೆ ಮದುವೆ ಮಾಡಿ ಕೊಟ್ಟಿತ್ತು. ಸುದ್ದಿ ಗೋಧಿ ಹೊಲಗಳ ಮೇಲಿನಿಂದ ಹಾರಿ, ಟಾರಿಕ್ ಕ್ಲಬ್ಬಿನ ಅಧ್ಯಕ್ಷ ಮರ್ವ್ ಟ್ರೆಲೋರ್‌ನ ಊಟದ ಮೇಜನ್ನು ತಲುಪಿತು: ನೆವಿಲ್ ಪರ್ಟೆಲ್ ನಮ್ಮನ್ನು ನಂಬುತ್ತಿದ್ದಾನೆ! ಮರ್ವ್ ಅರ್ಧ ತಿಂದ ಮಾಂಸದ ಪೈ ಕೈಯಲ್ಲೇ ಹಿಡಿದು ಎದ್ದ.

ಧೂಳೆಬ್ಬಿಸುತ್ತ ಮೂರು ಸರಕು ಗಾಡಿಗಳು ಬಂದು ಔಷಧಿ ಅಂಗಡಿಯ ಮುಂದೆ ನಿಂತವು. ಟಾರಿಕ್‌ನವರು ನಟನೆಯಲ್ಲಿ ಒಂದು ಕೈ ಮೇಲೆ. ಅವರ ನಾಯಕನನ್ನು ಗೊಬ್ಬರದ ತಳ್ಳುಗಾಡಿಯಲ್ಲಿ ಕೂರಿಸಿ ತಂದಿದ್ದರು. ಇನ್ನೊಬ್ಬನ ತಲೆಗೆ ಸುತ್ತಿದ ಬಟ್ಟೆಯ ಮೇಲೆ ಟೊಮೆಟೊ ಸಾಸಿನ ಕಲೆ. ಮರ್ವ್‌ನ ಪೈ ಮೇಲಿದ್ದ ಸಾಸು ಖರ್ಚಾಗಿದ್ದದ್ದು ಅಲ್ಲಿಗೆ.

"ನೆವಿಲ್, ನಮ್ಮ ಕತೆ ಮುಗೀತು ಕಣಯ್ಯ," ಎಂದು ಮರ್ವ್ ಟೋಪಿ ತೆಗೆದು ಎದೆಗೊತ್ತಿಕೊಂಡ. "ಶನಿವಾರ ಆಡೋಕೆ ಬರ್ತೀವಿ, ಮರ್ಯಾದೆಗೆ. ಗೆಲ್ಲೋದು ನಿಮ್ಮೋರೇ. ನಂಬು."

ಕ್ಲಾರಿ ತನ್ನ ತಂಡವನ್ನು ಬೆನ್ನಿಗೆ ಕಟ್ಟಿಕೊಂಡು ಹಾರಿ ಒಳಗೆ ಬಂದ. "ನಂಬಬೇಡ! ಅವನ ತಲೆ ಮೇಲಿರೋದು ಸಾಸು. ನಮ್ಮ ಬ್ರೋಡಿ ನೋಡು, ಮಂಡೀನೇ ಇಲ್ಲ!"

"ನಿಮ್ಮೋನಿಗೆ ಮಂಡಿ ಮಾತ್ರ ಇಲ್ಲ. ನಮ್ಮ ನಾಯಕನಿಗೆ ಸೊಂಟದಿಂದ ಕೆಳಗೆ ಏನೂ ಇಲ್ಲ ಅನ್ಕೋ!"

"ಮೊದಲಿಂದ್ಲೂ ಇರ್ಲಿಲ್ಲ ಬಿಡು, ಹೋದ ವರ್ಷ ಆಟ ನೋಡಿದೀವಲ್ಲ!"

ಸೊಂಟದಿಂದ ಕೆಳಗೆ ಏನೂ ಇಲ್ಲದ ನಾಯಕ ತಳ್ಳುಗಾಡಿಯಿಂದ ಚಂಗನೆ ನೆಗೆದ. ಮಂಡಿಯಿಲ್ಲದ ಬ್ರೋಡಿ ಕೆಮ್ಮಿನ ಔಷಧಿಯ ಕಪಾಟು ಹಾರಿ ಅವನನ್ನು ಎದುರಿಸಿದ. ಊರುಗೋಲುಗಳು ಕತ್ತಿಗಳಾದವು. ಸರದಿಯಲ್ಲಿ ನಿಜವಾದ ಸೊಂಟನೋವಿಟ್ಟುಕೊಂಡು ನಿಂತಿದ್ದ ಮುದುಕಿಯೊಬ್ಬಳು, "ಏ ಹುಡುಗ್ರಾ, ನಿಮ್ಮ ನೋವು ವಾಸಿಯಾಗಿದ್ರೆ ಆ ಕುರ್ಚಿ ಇತ್ಲಾಗ್ ಕೊಡಿ," ಎಂದಳು. ಎರಡೂ ತಂಡ ಥಟ್ಟನೆ ನಿಂತು, ನೆನಪು ಮಾಡಿಕೊಂಡು, ಒಟ್ಟಿಗೆ ಮತ್ತೆ ಕುಂಟತೊಡಗಿದವು.

ಆಗ ಫೋನ್ ರಿಂಗಾಯಿತು. ಬೆರಿಲ್ ಎತ್ತಿ, "ನೊರೀನ್. ಯಂತ್ರ ಕಾಯ್ತಾ ಇದೆಯಂತೆ," ಎಂದು ಗಂಡನ ಕೈಗೆ ಕೊಟ್ಟಳು.

ಎರಡೂ ತಂಡಗಳು ಫೋನಿನತ್ತ ಕತ್ತು ಚಾಚಿದವು. ನೆವಿಲ್ ಕಣ್ಣು ಮುಚ್ಚಿ ತನ್ನ ಮನಸ್ಸಿನೊಳಗೆ ನೋಡಿಕೊಂಡ. ಅಲ್ಲಿ ಒಂದು ತಕ್ಕಡಿ ಇತ್ತು. ಒಂದು ತಟ್ಟೆಯಲ್ಲಿ ಬೂಲಂಗಾಟ್‌ನ ಕುಂಟರು, ಇನ್ನೊಂದರಲ್ಲಿ ಟಾರಿಕ್‌ನ ಕುಂಟರು. ಮುಳ್ಳು ನೆಟ್ಟಗೆ ನಿಂತಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಬರ್ಕೋ, ನೊರೀನ್," ಎಂದ ನಿಧಾನವಾಗಿ. "ಈ ಶನಿವಾರ ಬೂಲಂಗಾಟ್ ಮತ್ತು ಟಾರಿಕ್ ನಡುವಿನ ಪಂದ್ಯದಲ್ಲಿ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಪಂದ್ಯ ಡ್ರಾ ಆಗುತ್ತದೆ."

ಆ ಕಡೆಯಿಂದ ನೊರೀನ್ ದನಿ ಏರಿಸಿದಳು. "ಡ್ರಾ? ನಿಜವಾಗ್ಲೂ ಇದನ್ನೇ ಹಾಕ್ಲಾ?"

"ಹಾಕು. ಜೀವನದಲ್ಲಿ ಇಷ್ಟು ಖಚಿತವಾಗಿ ಯಾವುದನ್ನೂ ನಂಬಿರಲಿಲ್ಲ."

ನೊರೀನ್ ಇನ್ನೇನೋ ಹೇಳಲು ಬಾಯಿ ತೆರೆದಂತಿತ್ತು. ಆದರೆ ಒಳ್ಳೆಯ ಶೀರ್ಷಿಕೆ ಸಿಕ್ಕಾಗ ಸಂಪಾದಕರು ಹೆಚ್ಚು ಮಾತಾಡುವುದಿಲ್ಲ.

ಕ್ಲಾರಿ ಬೆರಳು ಮಡಿಚಿ ಯೋಚಿಸಿದ. ನೆವಿಲ್ ನಂಬಿದ್ದು ಎಂದೂ ಆಗುವುದಿಲ್ಲ. ಡ್ರಾ ಆಗುವುದಿಲ್ಲ ಎಂದರೆ ಯಾರೋ ಒಬ್ಬರು ಗೆಲ್ಲಲೇಬೇಕು. ಅದು ನಾವೇ! ಮರ್ವ್ ಕೂಡ ಅದೇ ದಾರಿಯಲ್ಲಿ ನಡೆದು ಅದೇ ಜಾಗ ತಲುಪಿದ. ಇಬ್ಬರ ಮುಖಗಳೂ ಒಟ್ಟಿಗೆ ಅರಳಿದವು.

"ಶನಿವಾರ ಸಿಗೋಣ, ಮರ್ವ್. ಪೈ ನಮ್ಮ ಕಡೆಯಿಂದ."

"ಸೋಲೂ ನಿಮ್ಮ ಕಡೆಯಿಂದ್ಲೇ, ಕ್ಲಾರಿ."

ಎರಡೂ ತಂಡ ಊರುಗೋಲುಗಳನ್ನು ಹೆಗಲ ಮೇಲೆ ಹೊತ್ತು, ಹಾಡು ಹೇಳಿಕೊಂಡು ಓಡಿಹೋದವು. ಮುದುಕಿ ತಳ್ಳುಗಾಡಿಯಲ್ಲಿ ಕೂತು ಮನೆಗೆ ಹೋದಳು.

ಶನಿವಾರ ಮೈದಾನದ ಸುತ್ತ ಕಾರುಗಳು ಮೂತಿ ಒಳಕ್ಕೆ ಮಾಡಿ ನಿಂತಿದ್ದವು. ತಮ್ಮ ತಂಡ ಗೋಲು ಹೊಡೆದಾಗ ಹಾರ್ನ್ ಒತ್ತುವುದು ಅಲ್ಲಿಯ ಚಪ್ಪಾಳೆ. ಆದರೆ ಅಂದು ಹಾರ್ನ್‌ಗಳಿಗೆ ಕೆಲಸ ಕಡಿಮೆ. ಒಳ್ಳೆಯ ಕಾಲನ್ನು ಇಡೀ ದಿನ ಕುಂಟಿಸಿದರೆ ಸ್ನಾಯು ಸುಮ್ಮನಿರುವುದಿಲ್ಲ. ಇದು ದೇಹಶಾಸ್ತ್ರದ ಮೊದಲ ಪಾಠ. ಗುರುವಾರ ಸುಳ್ಳಾಗಿ ಹಿಡಿದಿದ್ದ ಸೊಂಟಗಳೆಲ್ಲ ಶನಿವಾರ ನಿಜವಾಗಿ ಹಿಡಿದುಕೊಂಡಿದ್ದವು. ಎರಡೂ ತಂಡಗಳು ಚೆಂಡಿನ ಹಿಂದೆ, ಮದುವೆ ಊಟ ಮುಗಿಸಿದ ಬೀಗರಂತೆ, ಮೆಲ್ಲಗೆ ನಡೆದಾಡಿದವು. ಟಾರಿಕ್‌ನ ನಾಯಕ ಎರಡು ಸಲ ತಳ್ಳುಗಾಡಿ ಎಲ್ಲಿ ಎಂದು ಕೇಳಿದ.

ಕೊನೆಯ ಗಳಿಗೆಯಲ್ಲಿ ಟಾರಿಕ್ ಒಂದೇ ಒಂದು ಅಂಕ ಮುಂದಿತ್ತು. ಆಗ ಗೋಲಿನೆದುರು ಬ್ರೋಡಿ ಚೆಂಡನ್ನು ಗಾಳಿಯಲ್ಲೇ ಹಿಡಿದ. ಹಿಡಿಯುತ್ತಿದ್ದಂತೆ ಸೈರನ್ ಕೂಗಿತು. ಹಾಗೆ ಹಿಡಿದವನಿಗೆ ಒಂದು ಒದೆತ ಬಾಕಿ ಇರುತ್ತದೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಹೋದರೆ ಆರು ಅಂಕ, ಗೆಲುವು. ಕಂಬಕ್ಕೆ ತಗುಲಿದರೆ ಬರೀ ಒಂದು.

ನೆವಿಲ್ ತನ್ನ ಹಳೆಯ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದ. ಪಕ್ಕದ ಸೀಟಿನಲ್ಲಿ ಶುಕ್ರವಾರದ ಪತ್ರಿಕೆ.

ಬ್ರೋಡಿ ಓಡಿಬಂದ. ಗುರುವಾರವಿಡೀ ಒಮ್ಮೆ ಬಲಗಾಲನ್ನೂ ಒಮ್ಮೆ ಎಡಗಾಲನ್ನೂ ಕುಂಟಿಸಿದ್ದ ಅವನಿಗೆ, ಚೆಂಡು ಕೈಬಿಟ್ಟ ಕ್ಷಣದಲ್ಲಿ, ತಾನು ಒದೆಯುವುದು ಯಾವ ಕಾಲಿನಿಂದ ಎಂಬುದೇ ಮರೆತುಹೋಯಿತು. ಎರಡೂ ಕಾಲು ಒಟ್ಟಿಗೆ ಮೇಲೆದ್ದವು. ಬ್ರೋಡಿ ಕೆಳಗೆ ಬಿದ್ದ. ಚೆಂಡು ಮೇಲೆ ಹೋಗಿ, ಕುಡುಕನಂತೆ ಗಾಳಿಯಲ್ಲಿ ಓಲಾಡಿ, ಠಣ್ ಎಂದು ಕಂಬಕ್ಕೆ ಬಡಿಯಿತು.

ಬಿಳಿ ಕೋಟಿನ ಅಂಪೈರ್ ಒಂದು ಬೆರಳು ತೋರಿಸಿ ಒಂದು ಬಾವುಟ ಬೀಸಿದ. ಒಂದು ಅಂಕ. ಸಮ ಸಮ.

ಯಾವ ಕಡೆಯವರು ಹಾರ್ನ್ ಒತ್ತಬೇಕೆಂದು ಯಾರಿಗೂ ತಿಳಿಯಲಿಲ್ಲ. ಮೈದಾನದ ಸುತ್ತ ಶ್ಮಶಾನಮೌನ. ಆ ಮೌನದ ನಡುವೆ ಒಂದೇ ಒಂದು ಕಾರಿನ ಹಾರ್ನ್ ಮೊಳಗಿತು. ಮೊಳಗುತ್ತಲೇ ಇತ್ತು. ನೆವಿಲ್ ಪರ್ಟೆಲ್ ಎರಡೂ ಕೈಯಿಂದ ಹಾರ್ನ್ ಒತ್ತಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದ. ಎರಡು ಊರಿನ ಜನ ಅವನತ್ತ ನಿಧಾನವಾಗಿ ತಲೆ ತಿರುಗಿಸಿದರು.

ಅಷ್ಟರಲ್ಲಿ ರೇಡಿಯೋದಲ್ಲಿ ಸುದ್ದಿ ಬಂತು: ಖಂಡಿತ ಸೋಲುತ್ತದೆ ಎಂದು ನೆವಿಲ್ ಬರೆದಿದ್ದ ಮಿಂಡಾರಿ ಗೆದ್ದಿತ್ತು. ಬೂಲಂಗಾಟ್, ಟಾರಿಕ್ ಎರಡನ್ನೂ ದಾಟಿ ಫೈನಲ್ ಸುತ್ತಿನ ಕೊನೆಯ ಜಾಗವನ್ನು ಅದು ಹಿಡಿದುಕೊಂಡಿತ್ತು.

ಕ್ಲಬ್ಬಿನ ಕೋಣೆಯಲ್ಲಿ ಯಾರೂ ಅವನಿಗೆ ಜಾಗ ಬಿಡಲಿಲ್ಲ. ನೆವಿಲ್‌ಗೆ ಅದರ ಪರಿವೆ ಇರಲಿಲ್ಲ. ಪತ್ರಿಕೆ ಎತ್ತಿ ಹಿಡಿದು ನೇರವಾಗಿ ನೊರೀನ್ ಬಳಿ ಹೋದ.

"ಹೇಳಿದ್ನಾ ಇಲ್ವಾ? ಅಂಕಣ ನಂದೇ ತಾನೇ?"

ನೊರೀನ್ ಪೈ ಅಗಿಯುತ್ತ ಅತ್ತಿತ್ತ ನೋಡಿದಳು. "ಅದೂ... ನೆವಿಲ್... ಬೆರಿಲ್, ನೀನೇ ಹೇಳಮ್ಮ."

ಬೆರಿಲ್ ಅಡುಗೆಮನೆಯ ಕಿಟಕಿಯಿಂದ ಸಾಸಿನ ಬಾಟಲಿ ಹಿಡಿದೇ ಬಾಗಿದಳು.

"ನಮ್ಮಮ್ಮನ್ನ ಸ್ಪರ್ಧೆಯಿಂದ ಯಾಕೆ ಹೊರಗೆ ಹಾಕಿದ್ರಿ, ನೆನಪಿದ್ಯಾ?"

"ನಿಯಮ ಮೀರಿದ್ರು. ಅದಕ್ಕೆ."

"ಏನು ಮೀರಿದ್ರು?"

ನೆವಿಲ್ ಪತ್ರಿಕೆಯನ್ನು ಕೆಳಗಿಳಿಸಿದ. ಮುಖದ ರಕ್ತವೆಲ್ಲ ಇಳಿದು ಕಾಲುಚೀಲ ಸೇರಿತು.

"ಪ್ರತಿ ಪಂದ್ಯಕ್ಕೂ ಡ್ರಾ ಅಂತ ಬರೆದಿದ್ರು," ಎಂದಳು ಬೆರಿಲ್. "ನೀವು ಎದ್ದು ನಿಂತು ಭಾಷಣ ಮಾಡಿದ್ರಿ. ಡ್ರಾ ಅಂತ ಹೇಳೋದು ಹೇಡಿಗಳ ಲಕ್ಷಣ, ಹಾಗೆ ಹೇಳಿದ್ರೆ ಲೆಕ್ಕಕ್ಕಿಲ್ಲ, ಒಂದು ತಂಡ ಆರಿಸಲೇಬೇಕು ಅಂತ. ನಿಜವಾಗ್ಲೂ ಡ್ರಾ ಆದ್ರೆ?"

"ಯಾವ ತಂಡ ಆರಿಸಿದ್ರೂ... ಎಲ್ರಿಗೂ ಸರಿ ಉತ್ತರದ ಅಂಕ," ಎಂದ ನೆವಿಲ್ ಕ್ಷೀಣ ದನಿಯಲ್ಲಿ. ತನ್ನದೇ ವಾಕ್ಯ, ಒಂದು ಅಕ್ಷರವೂ ತಪ್ಪಲಿಲ್ಲ.

ಕೋಣೆಯಲ್ಲಿ ಗದ್ದಲ ಎದ್ದಿತು. ಕ್ಲಾರಿ ಬೂಲಂಗಾಟ್ ಎಂದಿದ್ದ: ಸರಿ. ಅಂಚೆಯವನು ಟಾರಿಕ್ ಎಂದಿದ್ದ: ಅದೂ ಸರಿ. ಡಫ್ನಿ ಬೂಲಂಗಾಟ್‌ನ ಬಟ್ಟಲು ಕುಕ್ಕಿದ್ದಳು: ಸರಿ, ಜೊತೆಗೆ ವರ್ಷದ ಬಹುಮಾನ. ಇಡೀ ಊರಿನಲ್ಲಿ ಆ ಪಂದ್ಯವನ್ನು ತಪ್ಪಾಗಿ ಹೇಳಿದವನು ಒಬ್ಬನೇ. ಅದು ಡ್ರಾ ಆಗುತ್ತದೆ ಎಂದು ಹೇಳಿದವನು.

"ನಿಮ್ಮಮ್ಮ ಎಲ್ಲಿದ್ದಾರೆ?" ಎಂದು ಕೇಳಿದ ನೆವಿಲ್.

"ಅಲ್ಲೇ ಹಿಂದೆ ಕೂತಿದಾರೆ. ಆಗಿನಿಂದ ನಗ್ತಾ ಇರೋದು ಅವರೇ."

ನೊರೀನ್ ಕಲ್ಲಿನ ಹೆಂಗಸೇನಲ್ಲ. ಹೊರಡುವಾಗ ಅವನ ಭುಜ ತಟ್ಟಿದಳು. "ಬೇಜಾರು ಮಾಡ್ಕೋಬೇಡ. ಡಫ್ನಿ ಬಟ್ಟಲು ಕುಕ್ತಾಳೆ, ಅಷ್ಟೇ. ಯಾಕೆ ಕುಕ್ಕಿದ್ಳು ಅಂತ ಕಾರಣ ಬರೆಯೋರು ಬೇಕಲ್ಲ? ಗಾಳಿ, ಮಂಡಿ, ಎಲ್ಲ ನೀನೇ ಬರಿ. ಫೋಟೋ, ಹೆಸರು ಮಾತ್ರ ಅವಳದು."

ಮುಂದಿನ ಗುರುವಾರ ಫೈನಲ್ ಸುತ್ತಿನ ಮೊದಲ ಪಂದ್ಯಕ್ಕೆ ನೆವಿಲ್ ಮಾಂಸದಂಗಡಿಯ ಕಿಟಕಿಯ ಮುಂದೆ ಮಂಡಿಯೂರಿ ಕೂತು, ಎರಡು ಬಟ್ಟಲುಗಳಲ್ಲಿ ಗೋಧಿಯನ್ನು ಸಮವಾಗಿ ಸುರಿದ. ರಿಬ್ಬನ್ ಕಟ್ಟಿದ. ಪೆನ್ನು ತೆರೆದು ಕಾದ.

ಡಫ್ನಿ ಬಲಗಡೆಯ ಬಟ್ಟಲನ್ನು ನೋಡಿದಳು. ಎಡಗಡೆಯದನ್ನು ನೋಡಿದಳು. ಕತ್ತು ಕೊಂಕಿಸಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಎರಡರ ನಟ್ಟನಡುವೆ ರೆಕ್ಕೆ ಕೊಡವಿ ಕೂತು ಕಣ್ಣು ಮುಚ್ಚಿದಳು.

ನೆವಿಲ್ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಅವಳ ಕಿವಿಯ ಹತ್ತಿರ ಬಾಗಿದ.

"ಹಾಗೆಲ್ಲ ಹೇಳೋ ಹಾಗಿಲ್ಲ, ತಾಯಿ," ಎಂದ ಮೆಲ್ಲಗೆ. "ನಿಯಮ ಇದೆ."